ವಾಯಿದೆ ತೀರಿದ ಗಾಯ

(ಅಂತಿಮ ಬಿ. ಎ. ತರಗತಿಯ ವಿದ್ಯಾರ್ಥಿಯೊಬ್ಬನಿಂದ)

ಕಾನೂನಿನ ಪುಸ್ತಕವನ್ನು ಕಣ್ಣಿನಿಂದಲೂ ಕಾಣದ ನಮ್ಮ ಹಳ್ಳಿಯ ಜನಕ್ಕೆ ಒಂದು ಕಾನೂನು ಮಾತ್ರ ಬಾಯಿಪಾಠವಾಗಿದೆ. ಕೈಸಾಲದ ಪ್ರೋನೋಟು 3 ವರ್ಷಕ್ಕೆ ಸತ್ತುಹೋಗುತ್ತದೆ ಎಂಬುದೇ ಆ ಕಾನೂನು. ಆದುದರಿಂದಲೇ ಸಾಲ ಕೊಟ್ಟ ಸಾಹುಕಾರನು ಮೂರನೆಯ ವರ್ಷದ ಯುಗಾದಿ ಹತ್ತಿರವಾಗುತ್ತಲೇ ಸಾಲಗಾರನ ಜಗುಲಿಯ ಮೇಲೆ ಬಂದು ಕುಳಿತು, ಬಡ್ಡಿಯ ಬಾಬ್ತು ಏನೋ ಅಲ್ಪಸ್ವಲ್ಪ ಜಮಾ ಆಯಿತೆಂದು ಪತ್ರದ ಬೆನ್ನಿಗೆ ಬರೆಸಿ, ಕೆಳಗೆ ರುಜು ಹಾಕಿಸಿಕೊಂಡು ಎದ್ದುಹೋಗುತ್ತಾನೆ. ಆ ರುಜುವಿನಿಂದ ಪತ್ರಕ್ಕೆ ಮತ್ತೆ 3 ವರ್ಷದ ಆಯುಷ್ಯ. ಹಣದ ವ್ಯವಹಾರದಲ್ಲಿ ಈ ಏರ್ಪಾಡು ಅನ್ಯಾಯವಾದುದೆಂದು ಯಾರೂ ಹೇಳಲಾರರು. ಇಬ್ಬರೂ ಬೆಳೆದವರು, ಕೊಟ್ಟ ದಿನವೂ ಗೊತ್ತು, ಕೊಟ್ಟ ಮೊತ್ತವೂ ಗೊತ್ತು. ಆದರೆ ಕೊಟ್ಟುಕೊಂಡದ್ದು ಹಣವಲ್ಲದೆ ದೇಹವಾಗಿದ್ದರೆ, ದೇಹವು ಒಂದು ಮಗುವಿನದಾಗಿದ್ದರೆ, ಆದ ನಷ್ಟದ ಅಳತೆ ಆ ಮಗುವಿಗೆ ಇಪ್ಪತ್ತೆಂಟೋ ಮೂವತ್ತೋ ತುಂಬುವವರೆಗೆ ತಿಳಿಯುವಂತಿಲ್ಲದಿದ್ದರೆ, ಆಗಲೂ ಗಡಿಯಾರ ಅದೇ ವೇಗದಲ್ಲಿ ಓಡಬೇಕೇ?

ಈ ಪ್ರಶ್ನೆ ಈಗ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿಯೂ ಇಂಗ್ಲೆಂಡಿನಲ್ಲಿಯೂ ಬಹು ಕಾವಿನಿಂದ ಚರ್ಚೆಯಾಗುತ್ತಿದೆ. ಅಲ್ಲಿ ಅದು ಎದ್ದಿರುವುದು ಹದಿಹರೆಯದವರ ಲಿಂಗಾಂತರ ಚಿಕಿತ್ಸೆಯ ಸಂಬಂಧದಲ್ಲಿ. ಇಂತಹ ವಿಷಯ ಕಾಲೇಜಿನ ವಾರ್ಷಿಕ ಸಂಚಿಕೆಗೆ ತಕ್ಕುದೇ ಎಂದು ಕೆಲವು ಹಿರಿಯ ವಾಚಕರು ಹುಬ್ಬೇರಿಸಬಹುದು. ಅವರಲ್ಲಿ ನನ್ನ ವಿನಂತಿ ಇಷ್ಟೇ: ನಾನು ಬರೆಯಹೊರಟಿರುವುದು ಹೆಣ್ಣು ಗಂಡಿನ ವಿಚಾರವನ್ನಲ್ಲ, ಕಾಲದ ವಿಚಾರವನ್ನು. ಮೇಲಾಗಿ ನಾವೆಲ್ಲರೂ ಹದಿನೆಂಟನ್ನು ಈಚೆಗೆ ದಾಟಿದವರೇ. ಈ ಗಡುವುಗಳು ತೀರುವುದು ನಮ್ಮ ವಯಸ್ಸಿನಲ್ಲಿಯೇ.

ವಿಷಯವನ್ನು ಮೊದಲು ಸ್ಥೂಲವಾಗಿ ತಿಳಿಸುತ್ತೇನೆ. ತಾನು ಹುಟ್ಟಿದ ದೇಹದ ಲಿಂಗವೂ ತನ್ನ ಒಳಗಿನ ಅರಿವೂ ಹೊಂದುತ್ತಿಲ್ಲವೆಂದು ಸಂಕಟಪಡುವ ಬಾಲಕ ಬಾಲಕಿಯರಿಗೆ ಯೌವನದ ಬೆಳವಣಿಗೆಯನ್ನು ತಡೆಹಿಡಿಯುವ ಚುಚ್ಚುಮದ್ದು ಕೊಡುವುದುಂಟು. ಆ ಬಳಿಕ ಹಾರ್ಮೋನುಗಳು. ಕೆಲವರಿಗೆ ಹದಿನೆಂಟಕ್ಕೆ ಮುಂಚೆಯೇ ಎದೆಯ ಶಸ್ತ್ರಕ್ರಿಯೆ. ಈ ಚಿಕಿತ್ಸೆಯಿಂದ ಬದುಕು ಸಹ್ಯವಾಯಿತೆಂದು ಹೇಳುವವರು ಅನೇಕರಿದ್ದಾರೆ. ವೈದ್ಯರು ಅವಸರ ಮಾಡಿದರು, ನಮ್ಮ ಮನಸ್ಸಿನ ಇತರ ತೊಂದರೆಗಳನ್ನು ವಿಚಾರಿಸಲಿಲ್ಲ, ಮುಂದಿನ ಪರಿಣಾಮವನ್ನು ತಿಳಿಸಲಿಲ್ಲ ಎಂದು ದೂರುವವರೂ ಇದ್ದಾರೆ. ಯಾರ ಸಂಖ್ಯೆ ಎಷ್ಟು ಎಂಬುದರಲ್ಲಿಯೇ ಜಗಳವಿದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು ಇಂತಹ ಚಿಕಿತ್ಸೆಯನ್ನು ಸಮರ್ಥಿಸುತ್ತ ಬಂದಿದೆ. ಇಂಗ್ಲೆಂಡಿನಲ್ಲಿ ಡಾಕ್ಟರ್ ಹಿಲರಿ ಕ್ಯಾಸ್ ಅವರ ವರದಿಯು 2024ರ ಏಪ್ರಿಲಿನಲ್ಲಿ ಪ್ರಕಟವಾಗಿ, ಈ ಚಿಕಿತ್ಸೆಯ ಪರವಾದ ವೈಜ್ಞಾನಿಕ ಆಧಾರ ದುರ್ಬಲವಾಗಿದೆಯೆಂದು ಹೇಳಿತು. ಬೆಳೆದ ಮೇಲೆ ಆ ಮಕ್ಕಳು ಏನಾದರೆಂದು ಹುಡುಕಹೊರಟಾಗ ವಯಸ್ಕರ ಚಿಕಿತ್ಸಾಲಯಗಳಲ್ಲಿ ಬಹುಪಾಲು ಸಹಕರಿಸಲಿಲ್ಲವೆಂದೂ ಆ ವರದಿ ದೂರಿದೆ. ವೈದ್ಯಶಾಸ್ತ್ರದ ಈ ವಾದದಲ್ಲಿ ಕಲಾ ವಿಭಾಗದ ವಿದ್ಯಾರ್ಥಿಯು ತೀರ್ಪುಗಾರನಾಗುವುದು ಸಲ್ಲದು. ನನ್ನ ಪ್ರಶ್ನೆ ಅದಕ್ಕಿಂತ ಚಿಕ್ಕದು. ವೈದ್ಯನ ಅಜಾಗರೂಕತೆಯಿಂದ ತನಗೆ ಹಾನಿಯಾಯಿತೆಂದು ಹೇಳುವವನು ಎಷ್ಟನೆಯ ವಯಸ್ಸಿನವರೆಗೆ ನ್ಯಾಯಾಲಯದ ಬಾಗಿಲು ತಟ್ಟಬಹುದು?

ನ್ಯೂಯಾರ್ಕ್ ಸಂಸ್ಥಾನದ ಕಾನೂನನ್ನು ನೋಡಿರಿ. ವೈದ್ಯನ ಮೇಲಿನ ದಾವೆಗೆ ಅಲ್ಲಿ ಎರಡೂವರೆ ವರ್ಷದ ಗಡುವು. ಮಗುವಿನ ವಿಷಯದಲ್ಲಿ ಗಡಿಯಾರ ಹದಿನೆಂಟರವರೆಗೆ ನಿಲ್ಲುತ್ತದೆ. ಆದರೆ ಒಟ್ಟಿನಲ್ಲಿ 10 ವರ್ಷಕ್ಕಿಂತ ಹೆಚ್ಚು ಕಾಲ ಅದನ್ನು ನಿಲ್ಲಿಸುವಂತಿಲ್ಲ. ಎಂದರೆ 5 ವರ್ಷದ ಮಗುವಿಗೆ ಆದ ಅನ್ಯಾಯದ ವಾಯಿದೆ ಅದು ಹೈಸ್ಕೂಲಿನಲ್ಲಿರುವಾಗಲೇ ತೀರಿತು! 16ರಲ್ಲಿ ಶಸ್ತ್ರಕ್ರಿಯೆಯಾದವರಿಗೆ ಇಪ್ಪತ್ತೂವರೆ ವರ್ಷದವರೆಗೆ ಅವಕಾಶ. ಇಂಗ್ಲೆಂಡಿನ 1980ರ ಕಾಯಿದೆಯ ಪ್ರಕಾರ ಹದಿನೆಂಟರಿಂದ ಮುಂದೆ 3 ವರ್ಷ, ಅಂದರೆ 21. ಹಾನಿಯ ಅರಿವಾದುದು ತಡವಾಗಿದ್ದರೆ ಅರಿವಾದ ದಿನದಿಂದ 3 ವರ್ಷ. ಅದೂ ಮೀರಿದ್ದರೆ ನ್ಯಾಯಾಧೀಶರ ವಿವೇಚನೆ. ನಮ್ಮ 1963ರ ಲಿಮಿಟೇಶನ್ ಕಾಯಿದೆಯ 6 ಮತ್ತು 8ನೆಯ ಕಲಮುಗಳನ್ನು ಕೂಡಿಸಿ ಓದಿದರೆ, ಮೈನರನ ಹಕ್ಕು ಹೆಚ್ಚೆಂದರೆ ಅವನಿಗೆ 21 ತುಂಬುವವರೆಗೆ ಉಳಿಯುತ್ತದೆ.

ಇಪ್ಪತ್ತು ಇಪ್ಪತ್ತೊಂದರ ಹುಡುಗನೋ ಹುಡುಗಿಯೋ ವಕೀಲನನ್ನು ಹುಡುಕಿ, ಹಣ ಹೊಂದಿಸಿ, ತನ್ನ ದೇಹದ ಅತಿ ಗುಟ್ಟಿನ ಸಂಗತಿಯನ್ನು ತೆರೆದ ನ್ಯಾಯಾಲಯದಲ್ಲಿ ಹೇಳಬಲ್ಲನೆಂದು ಈ ಕಾನೂನುಗಳು ಊಹಿಸಿಕೊಂಡಿವೆ. ನನಗೆ ಈಗ ಇಪ್ಪತ್ತು. ಪರೀಕ್ಷೆಯ ಶುಲ್ಕ ಕಟ್ಟುವ ಕಿಟಕಿಯ ಮುಂದೆಯೇ ನಮ್ಮಲ್ಲಿ ಎಷ್ಟೋ ಮಂದಿಯ ನಾಲಿಗೆ ಒಣಗುತ್ತದೆ. ಸಾಮರ್ಥ್ಯವಿದ್ದು ಅನುಕೂಲವೂ ಇದ್ದವರು ಗೆಲ್ಲುವುದಿಲ್ಲವೆಂದಲ್ಲ. 2019ರಲ್ಲಿ, 16ನೆಯ ವಯಸ್ಸಿನಲ್ಲಿ ಎದೆಯ ಶಸ್ತ್ರಕ್ರಿಯೆಗೆ ಒಳಗಾಗಿ ಬಳಿಕ ಹೆಣ್ಣಾಗಿಯೇ ಬಾಳಲು ಮರಳಿದ ಒಬ್ಬಾಕೆಗೆ ನ್ಯೂಯಾರ್ಕ್ ಸಂಸ್ಥಾನದ ಜ್ಯೂರಿಯೊಂದು 2026ರ ಜನವರಿಯಲ್ಲಿ 20 ಲಕ್ಷ ಡಾಲರ್ ಪರಿಹಾರ ಕೊಡಿಸಿತು. ಆಕೆ ಸಕಾಲದಲ್ಲಿ ದಾವೆ ಹೂಡಿದ್ದಳು. ತಡಮಾಡಿದವರ ಕಥೆ ಜ್ಯೂರಿಯ ಕಿವಿಗೆ ಬೀಳುವುದೇ ಇಲ್ಲ.

ಈ ಕೊರತೆಯನ್ನು ಕಂಡು ಕೆಲವು ಸಂಸ್ಥಾನಗಳು 2023ರಲ್ಲಿ ಹೊಸ ಕಾಯಿದೆ ಮಾಡಿದವು. ಅರ್ಕನ್ಸಾ ಸಂಸ್ಥಾನದಲ್ಲಿ ಹದಿನೆಂಟರ ಮೇಲೆ 15 ವರ್ಷ, ಎಂದರೆ 33ರ ವಯಸ್ಸಿನವರೆಗೆ. ಮಿಸ್ಸೂರಿಯಲ್ಲಿ 21ರ ಮೇಲೆ 15 ವರ್ಷ, ಅಥವಾ ಚಿಕಿತ್ಸೆ ನಿಂತ ಮೇಲೆ 15 ವರ್ಷ, ಯಾವುದು ತಡವೋ ಅದು. ಜೊತೆಗೆ ದಾವೆ ಗೆದ್ದರೆ ಪರಿಹಾರ 5 ಲಕ್ಷ ಡಾಲರಿಗೆ ಕಡಿಮೆಯಾಗಕೂಡದೆಂಬ ನಿಯಮ. ಟೆನೆಸ್ಸಿಯಲ್ಲಿ ಹದಿನೆಂಟರ ಮೇಲೆ 30 ವರ್ಷ. 48ರ ಪ್ರಾಯದವನು ತನ್ನ 14ನೆಯ ವರ್ಷದ ಚಿಕಿತ್ಸೆಗಾಗಿ ದಾವೆ ಹೂಡಬಹುದು. 2025ರ ಜನವರಿಯಲ್ಲಿ ಅಧ್ಯಕ್ಷ ಟ್ರಂಪ್ ಹೊರಡಿಸಿದ ಆಜ್ಞೆಯೊಂದು ಇಡೀ ದೇಶಕ್ಕೆ ಇಂತಹ ದೀರ್ಘ ಗಡುವಿನ ಶಾಸನವನ್ನು ಸಿದ್ಧಪಡಿಸಬೇಕೆಂದು ತನ್ನ ಇಲಾಖೆಗೆ ಹೇಳಿತು. ಟೆನೆಸ್ಸಿಯ ಕಾಯಿದೆಯು ಈ ಚಿಕಿತ್ಸೆಯನ್ನೇ ಮಕ್ಕಳಿಗೆ ನಿಷೇಧಿಸಿದೆ. ಆ ನಿಷೇಧವನ್ನು ಅಲ್ಲಿನ ಸುಪ್ರೀಂ ಕೋರ್ಟು 2025ರ ಜೂನ್ 18ರಂದು 6ಕ್ಕೆ 3ರ ಬಹುಮತದಿಂದ ಎತ್ತಿಹಿಡಿಯಿತು.

ಇದು ಸರಿಯೇ? ಉತ್ತರ ಹೇಳುವ ಮುನ್ನ, ತಡವಾಗಿ ತಿಳಿಯುವ ಹಾನಿಯ ವಿಷಯದಲ್ಲಿ ಕಾನೂನು ಹಿಂದೆ ಏನು ಮಾಡಿತೆಂಬುದನ್ನು ನೋಡುವುದು ಲೇಸು. ಈ ಚರಿತ್ರೆಯನ್ನು ಹುಡುಕಿ ಓದುವಾಗ ನನಗೆ ಬಹಳ ಕುತೂಹಲವಾಯಿತು. ಇಂಗ್ಲೆಂಡಿನ ಉಕ್ಕಿನ ಕಾರ್ಖಾನೆಯೊಂದರ ಕೆಲಸಗಾರರು ವರ್ಷಗಟ್ಟಲೆ ಸಿಲಿಕಾ ಧೂಳನ್ನು ಉಸಿರಾಡಿ ಶ್ವಾಸಕೋಶವನ್ನು ಕೆಡಿಸಿಕೊಂಡು 1956ರಲ್ಲಿ ದಾವೆ ಹೂಡಿದರು. ಆಗಿನ ಗಡುವು 6 ವರ್ಷ. ರೋಗವು 1950ಕ್ಕೆ ಮುಂಚೆಯೇ ಒಳಗೆ ಸೇರಿತ್ತು. ಆದರೆ ಅದು ಇದೆಯೆಂದು ಅವರಿಗಾಗಲಿ ಬೇರೆ ಯಾರಿಗಾಗಲಿ ತಿಳಿಯುವಂತಿರಲಿಲ್ಲ. ಪ್ರಕರಣ ಲಾರ್ಡ್ಸ್ ಸಭೆಯವರೆಗೆ ಹೋಗಿ 1963ರಲ್ಲಿ ವಜಾ ಆಯಿತು. ಗಾಯವಾದ ದಿನವೇ ಗಡಿಯಾರ ಹೊರಟಿತು, ಗಾಯಾಳುವಿಗೆ ಗೊತ್ತಿದ್ದರೇನು ಇಲ್ಲದಿದ್ದರೇನು ಎಂಬುದೇ ಆ ತೀರ್ಪು. ತೀರ್ಪಿತ್ತ ನ್ಯಾಯಮೂರ್ತಿಗಳೇ ಈ ಕಾನೂನು ನ್ಯಾಯವಾದುದಲ್ಲವೆಂದು ಒಪ್ಪಿಕೊಂಡರು. ಅದೇ ವರ್ಷ ಪಾರ್ಲಿಮೆಂಟು ಕಾನೂನನ್ನು ತಿದ್ದಿ, ಅರಿವಾದ ದಿನವನ್ನೂ ಲೆಕ್ಕಕ್ಕೆ ತಂದಿತು.

ನಮ್ಮ ಪಾರ್ಲಿಮೆಂಟೂ ಅದೇ 1963ರಲ್ಲಿಯೇ ಲಿಮಿಟೇಶನ್ ಕಾಯಿದೆಯನ್ನು ಹೊಸದಾಗಿ ರಚಿಸಿತು. ಮೋಸ ಅಥವಾ ತಪ್ಪುಗ್ರಹಿಕೆಯ ಪ್ರಕರಣಗಳಿಗೆ ಅದರಲ್ಲಿ ವಿನಾಯಿತಿ ಇದೆಯಾದರೂ, ಧೂಳು ಕುಡಿದ ಆ ಕೂಲಿಗಳ ಪಾಠ ಅದರೊಳಗೆ ಬರಲಿಲ್ಲ. ಕೊರತೆಯನ್ನು ನ್ಯಾಯಾಲಯಗಳು ತುಂಬಬೇಕಾಯಿತು. ನಮ್ಮ ಸುಪ್ರೀಂ ಕೋರ್ಟಿನ ಮುಂದೆ 2010ರಲ್ಲಿ ಬಂದ ಮೊಕದ್ದಮೆಯೊಂದನ್ನು ಹೇಳುತ್ತೇನೆ. ಒಬ್ಬ ದಾದಿಗೆ 1993ರಲ್ಲಿ ಹೊಟ್ಟೆಯ ಶಸ್ತ್ರಕ್ರಿಯೆಯಾಯಿತು. 2002ರಲ್ಲಿ ಇನ್ನೊಂದು ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದಾಗ ಒಳಗೆ ಹಳೆಯ ಬಟ್ಟೆಯ ತುಂಡು ಸಿಕ್ಕಿತು. 2004ರಲ್ಲಿ ಆಕೆ ಗ್ರಾಹಕ ಆಯೋಗಕ್ಕೆ ದೂರಿತ್ತಳು. ಹಾನಿ ಒಳಗೆ ಅಡಗಿದ್ದರೆ ಅದು ತಿಳಿದ ದಿನದಿಂದ ಗಡುವು ಎಣಿಸಬೇಕೆಂಬ ತತ್ತ್ವವನ್ನು ಕೋರ್ಟು ಒಪ್ಪಿತು. ಆದರೂ ದಾವೆ ವಜಾ! ನಡುವಣ 9 ವರ್ಷ ಆಗಾಗ ನೋವಿತ್ತು. ದಾದಿಯಾಗಿದ್ದವಳು ತಜ್ಞರನ್ನು ಕಂಡು ಮೊದಲೇ ಪತ್ತೆಮಾಡಿಸಬಹುದಾಗಿತ್ತು ಎಂದಿತು ಕೋರ್ಟು. ಆಕೆ ಕಲಿತ ವಿದ್ಯೆಯೇ ಆಕೆಗೆ ಮುಳುವಾದಂತಾಯಿತು.

ಇಷ್ಟಾಗಿ, ಧೂಳಿನ ನ್ಯಾಯವನ್ನಾಗಲಿ ಬಟ್ಟೆಯ ತುಂಡಿನ ನ್ಯಾಯವನ್ನಾಗಲಿ ಎತ್ತಿ ತಂದು ಲಿಂಗಾಂತರ ಚಿಕಿತ್ಸೆಗೆ ಅಂಟಿಸಿದರೆ ಅದು ಕೂರುವುದಿಲ್ಲ. ಕಷ್ಟವೆಲ್ಲ ಇರುವುದು ಇಲ್ಲಿಯೇ. ಹೊಟ್ಟೆಯೊಳಗಿನ ಬಟ್ಟೆ ಕಾಣುವುದಿಲ್ಲ. ತೆಗೆದ ಎದೆ ಕಾಣುತ್ತದೆ. ದಪ್ಪವಾದ ಧ್ವನಿ ಮಾರನೆಯ ತಿಂಗಳೇ ಕೇಳಿಸುತ್ತದೆ. ಅದು ಆಗಬೇಕೆಂದೇ ಆ ಹುಡುಗಿ ಔಷಧ ತೆಗೆದುಕೊಂಡಳು. ಹಾಗಿರುವಾಗ ಹಾನಿಯ ಅರಿವಾದ ದಿನ ಯಾವುದು? ದೇಹದಲ್ಲಿ ಬದಲಾವಣೆಯಾದ ದಿನವೇ, ಅಥವಾ ಆ ಬದಲಾವಣೆ ತನಗೆ ಬೇಡವಾಗಿತ್ತೆಂದು ಮನಸ್ಸಿಗೆ ತೋರಿದ ದಿನವೇ? ಎರಡನೆಯದನ್ನು ಒಪ್ಪಿದರೆ ಗಡುವೆಂಬುದೇ ಉಳಿಯದು; ಮನಸ್ಸು ತಿರುಗಿದ ದಿನಕ್ಕೆ ಸಾಕ್ಷಿ ಹೇಳುವವರು ಯಾರು? ಮೊದಲನೆಯದನ್ನು ಒಪ್ಪಿದರೆ ಅರಿವಿನ ನಿಯಮದಿಂದ ಇವರಿಗೆ ಚಿಕ್ಕಾಸಿನ ಉಪಯೋಗವಿಲ್ಲ.

ನನ್ನ ಅಭಿಪ್ರಾಯ ಇದು. ಪಶ್ಚಾತ್ತಾಪ ಬೇರೆ, ಅಜಾಗರೂಕತೆ ಬೇರೆ. ಎಲ್ಲವನ್ನೂ ತಿಳಿಸಿ, ಕಾಲಕೊಟ್ಟು, ಶಾಸ್ತ್ರಪ್ರಕಾರ ನಡೆದ ವೈದ್ಯನ ಮೇಲೆ, ರೋಗಿಯ ಮನಸ್ಸು ಬದಲಾಯಿತೆಂಬ ಕಾರಣಕ್ಕಾಗಿ ದಾವೆ ನಡೆಯಕೂಡದು. ಆದರೆ ತಿಳಿಸುವುದೆಂದರೇನು? 13 ವರ್ಷದ ಮಗುವಿಗೆ, ಈ ಔಷಧದಿಂದ ಮುಂದೆ ನಿನಗೆ ಮಕ್ಕಳಾಗದೆ ಹೋಗಬಹುದು ಎಂದು ಹೇಳಿದರೆ ಆ ಮಗು ಏನನ್ನು ತಿಳಿದಂತಾಯಿತು? 13ರಲ್ಲಿ ನಮ್ಮಲ್ಲಿ ಯಾರು ತಾನೆ ತಾಯ್ತನ ತಂದೆತನಗಳನ್ನು ಕುರಿತು ಯೋಚಿಸಿದ್ದೆವು! ಆ ಮಾತು ಮುಟ್ಟುವುದು ಇಪ್ಪತ್ತೆಂಟರಲ್ಲಿ, ಮದುವೆಯ ಮಾತು ಬಂದಾಗ. ಅಂದು ಅದನ್ನು ಯಾರಾದರೂ ಸರಿಯಾಗಿ ಹೇಳಿದ್ದರೇ ಇಲ್ಲವೇ ಎಂಬ ಪ್ರಶ್ನೆಯನ್ನು ಆಗಲೇ ಕೇಳಬೇಕಾಗುತ್ತದೆ. ಆಗ ವಾಯಿದೆ ತೀರಿ 7 ವರ್ಷವಾಗಿರುತ್ತದೆ. ಆದುದರಿಂದ 21ರ ಗಡುವು ಸಾಲದು. ಜೀವಮಾನದ ಪರಿಣಾಮವುಳ್ಳ ಚಿಕಿತ್ಸೆಯನ್ನು ಬಾಲ್ಯದಲ್ಲಿ ಪಡೆದವರಿಗೆ ಹದಿನೆಂಟರ ಮೇಲೆ 10 ಅಥವಾ 12 ವರ್ಷವಾದರೂ ಇರಬೇಕೆಂದು ನಾನು ವಾದಿಸುತ್ತೇನೆ.

ಹಾಗಾದರೆ ಟೆನೆಸ್ಸಿಯವರ 30 ವರ್ಷ ಇನ್ನೂ ಮೇಲಲ್ಲವೇ ಎಂದು ಚರ್ಚಾಕೂಟದ ಗೆಳೆಯರು ನನ್ನನ್ನು ಹಿಡಿದು ನಿಲ್ಲಿಸಿದರು. 30 ವರ್ಷದಲ್ಲಿ ಸಾಕ್ಷಿ ಸಾಯುತ್ತಾನೆ, ವೈದ್ಯ ಮುದುಕನಾಗುತ್ತಾನೆ, ಆ ಕಾಲದಲ್ಲಿ ಶಾಸ್ತ್ರಕ್ಕೆ ಏನು ಗೊತ್ತಿತ್ತೆಂಬುದೇ ಮರೆತುಹೋಗುತ್ತದೆ ಎಂದು ಉತ್ತರ ಕೊಡುವುದು ಸುಲಭ. ಆದರೆ ಆ ಉತ್ತರವನ್ನು ಪೂರ್ತಿ ನಂಬಲು ನನಗೆ ಆಗುತ್ತಿಲ್ಲ. ಜರ್ಮನಿಯ ಕೊಲೋನ್ ನಗರದ ಒಂದು ಪ್ರಕರಣ ಅಡ್ಡಬರುತ್ತದೆ. ಹುಟ್ಟಿನಿಂದ ಹೆಣ್ಣೋ ಗಂಡೋ ಎಂದು ಹೊರಗೆ ಸ್ಪಷ್ಟವಾಗದ ದೇಹವುಳ್ಳ, ಗಂಡಾಗಿ ಬೆಳೆಸಲ್ಪಟ್ಟ ಒಬ್ಬರಿಗೆ 1977ರಲ್ಲಿ, 18ನೆಯ ವಯಸ್ಸಿನಲ್ಲಿ, ಸರಿಯಾಗಿ ವಿಷಯ ತಿಳಿಸದೆ ಗರ್ಭಕೋಶ, ಅಂಡಾಶಯಗಳನ್ನು ತೆಗೆದುಹಾಕಲಾಗಿತ್ತು. ಸುಮಾರು 30 ವರ್ಷದ ಬಳಿಕ ಅವರು ಶಸ್ತ್ರವೈದ್ಯನ ಮೇಲೆ ದಾವೆ ಹೂಡಿದರು. ನ್ಯಾಯಾಲಯ 2008ರಲ್ಲಿ ಅವರ ಪರವಾಗಿ ತೀರ್ಪು ಕೊಟ್ಟಿತು. 2009ರಲ್ಲಿ 1 ಲಕ್ಷ ಯೂರೋ ಪರಿಹಾರ ವಿಧಿಸಿತು. ಅಲ್ಲಿ 21ರ ಗಡುವು ಇದ್ದಿದ್ದರೆ ಆ ಜೀವಕ್ಕೆ ನ್ಯಾಯವೆಂಬುದು ಈ ಜನ್ಮದಲ್ಲಿ ಸಿಗುತ್ತಿರಲಿಲ್ಲ.

ಆದಕಾರಣ ನನ್ನ ಆಕ್ಷೇಪಣೆ 30 ಎಂಬ ಅಂಕೆಯ ಮೇಲಲ್ಲ. ಅದು ಒಂದೇ ಚಿಕಿತ್ಸೆಗೆ, ಒಂದೇ ಬಗೆಯ ಮಕ್ಕಳಿಗೆ ಮೀಸಲಾಗಿರುವುದರ ಮೇಲೆ. ಕೊಲೋನಿನವರಂತೆ ಹುಟ್ಟಿದ ಮಗುವಿನ ಅಂಗಕ್ಕೆ, ಅದನ್ನು ಕೇಳದೆ, ತೊಟ್ಟಿಲಿನಲ್ಲಿರುವಾಗಲೇ ಕತ್ತರಿ ಹಾಕುವುದನ್ನು ಟೆನೆಸ್ಸಿಯ ಕಾಯಿದೆಯು ಜನ್ಮದೋಷದ ಚಿಕಿತ್ಸೆಯೆಂದು ಹೊರಗಿಟ್ಟಿದೆ. ತಾನೇ ಬೇಡಿ ಪಡೆದ 16ರ ಹುಡುಗಿಗೆ 48ರವರೆಗೆ ಬಾಗಿಲು ತೆರೆದಿರುತ್ತದೆ. ಬಾಯಿಯೇ ಬಾರದ ಕೂಸಿಗೆ ಹಳೆಯ ಕಿರಿದಾದ ಗಡುವೇ ಗತಿ. ಮಗುವಿನ ಮೇಲಿನ ಕರುಣೆಯಿಂದಲೇ ಮಾಡಿದ ಕಾನೂನಾಗಿದ್ದರೆ ಈ ವ್ಯತ್ಯಾಸವೇಕೆ? ದೀರ್ಘ ಗಡುವು ಇಲ್ಲಿ ನೊಂದವರಿಗೆ ಬಾಗಿಲಾಗಿರುವಷ್ಟೇ ವೈದ್ಯರ ತಲೆಯ ಮೇಲೆ ತೂಗುವ ಕತ್ತಿಯೂ ಆಗಿದೆ. ವಿಮಾ ಕಂಪೆನಿಯು ಅಷ್ಟು ಉದ್ದದ ಹೊಣೆಯನ್ನು ಹೊರಲು ಹಿಂದೆಗೆದರೆ ವೈದ್ಯನು ಆ ರೋಗಿಗಳನ್ನೇ ಬಿಡುತ್ತಾನೆ. ನಿಷೇಧವಿಲ್ಲದ ಕಡೆಯಲ್ಲಿಯೂ ನಿಷೇಧದ ಕೆಲಸವನ್ನು ಗಡುವೇ ಮಾಡಬಲ್ಲದು. ಈ ಚಿಕಿತ್ಸೆಯಿಂದ ಉಪಕಾರ ಕಂಡ ಮಕ್ಕಳೂ ಮಕ್ಕಳೇ ಎಂಬುದನ್ನು ಆ ಶಾಸನಸಭೆಗಳು ಮರೆತಂತಿದೆ. ಎಲ್ಲ ಮಕ್ಕಳ ಎಲ್ಲ ಚಿಕಿತ್ಸೆಗೂ ಒಂದೇ ಗಡುವು ಇಟ್ಟಿದ್ದರೆ ನಾನು ಆ ಕಾಯಿದೆಯನ್ನು ಎರಡು ಕೈಯೆತ್ತಿ ಹೊಗಳುತ್ತಿದ್ದೆ.

ಗಡುವನ್ನು ಉದ್ದ ಮಾಡುವುದರಿಂದಲೇ ಕೆಲಸವಾಗುವುದಿಲ್ಲವೆಂಬುದನ್ನು ಜರ್ಮನರು ಕಂಡುಕೊಂಡರು. 2021ರಲ್ಲಿ, ಹುಟ್ಟಿನಿಂದ ಲಿಂಗಭೇದ ಅಸ್ಪಷ್ಟವಾದ ಮಕ್ಕಳ ರಕ್ಷಣೆಗೆ ಅವರು ಮಾಡಿದ ಕಾನೂನಿನಲ್ಲಿ, ಅಂತಹ ಮಗುವಿನ ಚಿಕಿತ್ಸೆಯ ಕಡತವನ್ನು ಆ ಮಗುವಿಗೆ 48 ವರ್ಷ ತುಂಬುವವರೆಗೆ ಕಾಪಾಡಬೇಕೆಂದು ವಿಧಿಸಿದ್ದಾರೆ. ಟೆನೆಸ್ಸಿಯ 48, ಜರ್ಮನಿಯ 48! ಒಂದು ಕಡೆ ದಾವೆಯ ವಯಸ್ಸು, ಇನ್ನೊಂದು ಕಡೆ ಕಾಗದದ ವಯಸ್ಸು. ನನಗೆ ಎರಡನೆಯದೇ ಹೆಚ್ಚು ಬೆಲೆಯುಳ್ಳದ್ದಾಗಿ ತೋರುತ್ತದೆ. ಕಾಗದವಿಲ್ಲದ ಹಕ್ಕು ಬಿತ್ತನೆಯಿಲ್ಲದ ಹೊಲದಂತೆ.

ಈ ಮಾತನ್ನು ನಾನು ಪುಸ್ತಕದಿಂದ ಮಾತ್ರ ಹೇಳುತ್ತಿಲ್ಲ. ನನಗೆ 9 ವರ್ಷವಾಗಿದ್ದಾಗ ಮರದಿಂದ ಬಿದ್ದು ಎಡಗೈ ಮುರಿಯಿತು. ಆಸ್ಪತ್ರೆಯೊಂದರಲ್ಲಿ ಶಸ್ತ್ರಕ್ರಿಯೆ ಮಾಡಿದರು. ಒಪ್ಪಿಗೆಯ ಪತ್ರಕ್ಕೆ ಅಪ್ಪ ಹೆಬ್ಬೆಟ್ಟು ಒತ್ತಿದರು. ಅದರಲ್ಲಿ ಏನು ಬರೆದಿತ್ತೆಂದು ಓದಬಲ್ಲವರು ಅಂದು ನಮ್ಮ ಮನೆಯಲ್ಲಿ ಒಬ್ಬರೂ ಇರಲಿಲ್ಲ, ನಾನೂ ಸೇರಿದಂತೆ, ಏಕೆಂದರೆ ಪತ್ರ ಇಂಗ್ಲಿಷಿನಲ್ಲಿತ್ತು. ಆ ಕೈ ಈಗಲೂ ಪೂರ್ತಿ ನೀಳವಾಗುವುದಿಲ್ಲ. ಕಳೆದ ವರ್ಷ ನೌಕರಿಯೊಂದರ ದೇಹಪರೀಕ್ಷೆಗಾಗಿ ಹಳೆಯ ಕಾಗದಪತ್ರ ತರಬೇಕೆಂದಾಗ ಹೋಗಿ ಕೇಳಿದೆ. ಗುಮಾಸ್ತರು ಒಳ್ಳೆಯವರೇ, ಕುಳ್ಳಿರಿಸಿ, ನೀರು ಕೊಟ್ಟು, ಅಷ್ಟು ಹಿಂದಿನದನ್ನು ಯಾರೂ ಇಡುವುದಿಲ್ಲ ತಮ್ಮಾ, ಎಂದರು. ಕೈ ಹೀಗಾದುದು ಯಾರದಾದರೂ ತಪ್ಪಿನಿಂದಲೋ, ಮುರಿತವೇ ಅಂತಹುದೋ ನಾನು ಹೇಳಲಾರೆ. ಹೇಳಬಲ್ಲ ಕಾಗದ ಇಲ್ಲ.

ಆಮೇಲೆ ನಿಯಮವನ್ನು ಹುಡುಕಿ ನೋಡಿದೆ. ವೈದ್ಯರ ನಡವಳಿಕೆಯನ್ನು ಕುರಿತ 2002ರ ಭಾರತೀಯ ನಿಯಮಾವಳಿಯ ಪ್ರಕಾರ ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಆರಂಭವಾದ ದಿನದಿಂದ 3 ವರ್ಷ ಇಟ್ಟರೆ ಸಾಕು. ಕೇಳಿದವರಿಗೆ 72 ಗಂಟೆಯೊಳಗೆ ಕೊಡಬೇಕೆಂಬ ಒಳ್ಳೆಯ ನಿಯಮವೂ ಅದರಲ್ಲಿಯೇ ಇದೆ. ಆದರೆ ಇದ್ದರೆ ತಾನೆ ಕೊಡುವುದು! ಅದನ್ನು ಬದಲಿಸಲೆಂದು 2023ರಲ್ಲಿ ಬಂದ ಹೊಸ ನಿಯಮಾವಳಿಯನ್ನು ಅದೇ ತಿಂಗಳೇ ತಡೆಹಿಡಿದರು. ಲೆಕ್ಕ ಹಾಕಿರಿ. 9ರಲ್ಲಿ ಚಿಕಿತ್ಸೆಯಾದವನಿಗೆ ದಾವೆಯ ಹಕ್ಕು 21ರವರೆಗೆ. ಅವನ ಕಾಗದ ಸಾಯುವುದು 12ರಲ್ಲಿ. ನಡುವಣ 9 ವರ್ಷ ಅವನ ಕೈಯಲ್ಲಿರುವುದು ಹಕ್ಕಿನ ಹೆಸರು ಮಾತ್ರ. ಸಾಹುಕಾರನ ಪ್ರೋನೋಟಿಗೂ ಮಗುವಿನ ಕೇಸ್‌ಪೇಪರಿಗೂ ಒಂದೇ ಆಯುಷ್ಯ. ವ್ಯತ್ಯಾಸವೇನೆಂದರೆ ಸಾಹುಕಾರನು ಜ್ಞಾಪಕವಿಟ್ಟು ಬಂದು ಪತ್ರವನ್ನು ಬದುಕಿಸಿಕೊಳ್ಳುತ್ತಾನೆ. ಉಚಿತವಾಗಿ ಚಿಕಿತ್ಸೆ ಪಡೆದ ಬಡವನಿಗೆ ಇನ್ನೂ ಒಂದು ತೊಡಕು. ಎಲ್ಲರಿಗೂ ಉಚಿತ ಸೇವೆ ಕೊಡುವ ಆಸ್ಪತ್ರೆಯು, 1995ರ ಸುಪ್ರೀಂ ಕೋರ್ಟಿನ ತೀರ್ಪಿನಂತೆ, ಗ್ರಾಹಕ ನ್ಯಾಯಾಲಯದ ವ್ಯಾಪ್ತಿಗೆ ಬರುವುದಿಲ್ಲ. ಅವನು ಸಿವಿಲ್ ಕೋರ್ಟಿನ ಮೆಟ್ಟಿಲನ್ನೇ ಹತ್ತಬೇಕು.

ಲಿಂಗಾಂತರ ಚಿಕಿತ್ಸೆ ನಮ್ಮ ದೇಶದ ಮಕ್ಕಳಲ್ಲಿ ಅಮೆರಿಕದಷ್ಟು ಹರಡಿಲ್ಲದಿರಬಹುದು. ಆದರೆ ಅಸ್ಪಷ್ಟ ಅಂಗದ ಶಿಶುಗಳಿಗೆ ಶಸ್ತ್ರಕ್ರಿಯೆ ಮಾಡುವುದು ಇಲ್ಲಿಯೂ ಉಂಟು. ಮದರಾಸು ಹೈಕೋರ್ಟಿನ ಮಧುರೈ ಪೀಠದ ತೀರ್ಪನ್ನು ಅನುಸರಿಸಿ ತಮಿಳುನಾಡು ಸರ್ಕಾರ 2019ರಲ್ಲಿ, ಪ್ರಾಣಾಪಾಯದ ಸಂದರ್ಭವನ್ನು ಬಿಟ್ಟು, ಅದನ್ನು ನಿಷೇಧಿಸಿತು. ಮುಂದೆ ಹುಟ್ಟುವ ಕೂಸುಗಳಿಗೆ ಅದು ರಕ್ಷೆ. ಅದಕ್ಕೆ ಮುಂಚೆ ಕತ್ತರಿಗೆ ಸಿಕ್ಕಿ ಈಗ ಕಾಲೇಜಿನ ಬೆಂಚಿನ ಮೇಲೆ ಕುಳಿತಿರುವವರು ತಮಗೇನಾಯಿತೆಂದು ತಿಳಿಯಲು ಯಾವ ಕಡತವನ್ನು ಬಿಚ್ಚಬೇಕು?

ಲಿಮಿಟೇಶನ್ ಕಾಯಿದೆಯನ್ನು ತಿದ್ದಲು ಪಾರ್ಲಿಮೆಂಟೇ ಬೇಕು. ಅದು ಆಗುವ ಹೊತ್ತಿಗೆ ನಮ್ಮಲ್ಲಿ ಎಲ್ಲರಿಗೂ ತಲೆ ನರೆತಿರುತ್ತದೆ. ಆದರೆ ಮೈನರನ ದಾಖಲೆಯನ್ನು ಅವನಿಗೆ 30 ವರ್ಷ ತುಂಬುವವರೆಗೆ ಇಡಬೇಕೆಂದು ಹೇಳಲು ರಾಷ್ಟ್ರೀಯ ವೈದ್ಯಕೀಯ ಆಯೋಗದ ನಿಯಮಾವಳಿಗೆ ಒಂದು ಸಾಲಿನ ತಿದ್ದುಪಡಿ ಸಾಕು. ಕಾಗದವನ್ನು ಗೆದ್ದಲು ತಿನ್ನುತ್ತಿದ್ದ ಕಾಲದಲ್ಲಿ 3 ವರ್ಷವೆಂದರೆ ಒಪ್ಪಬಹುದಾಗಿತ್ತು. ಈಗ ಕಂಪ್ಯೂಟರಿನಲ್ಲಿ ಒಂದು ಮಗುವಿನ ಕಡತಕ್ಕೆ ಹಿಡಿಯುವ ಜಾಗ ಒಂದು ಛಾಯಾಚಿತ್ರಕ್ಕೆ ಹಿಡಿಯುವಷ್ಟೂ ಇಲ್ಲ. ನಮ್ಮ ರಾಜ್ಯಶಾಸ್ತ್ರ ಸಂಘದ ವತಿಯಿಂದ ಆ ಒಂದು ಸಾಲನ್ನು ಕೇಳಿ ಆಯೋಗಕ್ಕೆ ಮನವಿ ಬರೆದಿದ್ದೇವೆ. ಅದರ ಪ್ರತಿ ಗ್ರಂಥಾಲಯದ ಮೇಜಿನ ಮೇಲಿದೆ. ರುಜು ಹಾಕುವವರಿಗಾಗಿ ಕೆಳಗೆ ಜಾಗ ಬಿಟ್ಟಿದೆ.